ಹುತ್ತ ಒಡೆದವನು

ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಕಷ್ಟ ಅನ್ನುತ್ತಾರೆ. ಸಂತೋಷವನ್ನು ಇಟ್ಟುಕೊಂಡು ನೋಡಿ, ಆಗ ಗೊತ್ತಾಗುತ್ತದೆ. ನಾನಂತೂ ಹೊಸ ಚಪ್ಪಲಿ ಕೊಂಡರೂ ತೆಕ್ಕಟ್ಟೆಯ ಅಕ್ಕನಿಗೆ ಫೋನ್ ಮಾಡಿ ಹೇಳುವವನು. ಅಂಥವನಿಗೆ ಬಾಯಿ ಕಟ್ಟಿಕೊಂಡಿರುವ ಶಿಕ್ಷೆ ಬಂತು.

ನಮ್ಮ ಮನೆ ಹೆಮ್ಮಾಡಿಗೂ ತ್ರಾಸಿಗೂ ನಡುವೆ ಎಲ್ಲೋ ಇದೆ ಅಂದುಕೊಳ್ಳಿ, ಹೆಚ್ಚು ಕೇಳಬೇಡಿ. ಬಾವಿಯ ಆಚೆ ಒಂದು ಹುತ್ತ. ಅಲ್ಲಿಂದ ಹೊರಟ ಗೆದ್ದಲು ನಮ್ಮ ಉಗ್ರಾಣದ ಹಲಸಿನ ದಾರಂದ, ಅಂದರೆ ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ರಸ್ತೆ ಹಾಕಿ, ಬಾಗಿಲನ್ನು ನಿಧಾನವಾಗಿ ಊಟ ಮಾಡುತ್ತಿತ್ತು. ಮದ್ದು ಹೊಡೆಯೋಣವೆಂದರೆ ಅಮ್ಮ ಬಿಡಬೇಕಲ್ಲ! ನಾಗರಪಂಚಮಿಗೆ ಹಾಲು, ಸೀಯಾಳದ ತನು ಎರೆಯುವುದು ಆ ಹುತ್ತಕ್ಕೇ.

ಒಂದು ಬೆಳಿಗ್ಗೆ ನೋಡಿದರೆ ಹುತ್ತದ ಬುಡ ಬಗೆದುಹೋಗಿತ್ತು. ಅಮ್ಮ ಹುತ್ತ ನೋಡಿದಳು, ನನ್ನನ್ನು ನೋಡಿದಳು. "ಕಡಿಗೂ ಒಡ್ದೆ ಅಲ್ದಾ ಮಗಾ?" ಅಂದವಳು ಆ ದಿನ ಊಟ ಮಾಡಲಿಲ್ಲ. ಭಟ್ಟರ ಹತ್ತಿರ ದೋಷಪರಿಹಾರ ಕೇಳಲು ಹೊರಟೂಬಿಟ್ಟಳು.

ನಾನೋ, ಮಣ್ಣಿನಲ್ಲಿ ಮೊಣಕಾಲೂರಿದ್ದೆ. ಉಗುರಿನ ಗೀರು, ಬಾಲ ಎಳೆದ ಗುರುತು. ಚಿಪ್ಪುಹಂದಿ! ನಮ್ಮ ಹಿತ್ತಲಿನಲ್ಲಿ! ಕುಣಿಯುವುದೊಂದು ಬಾಕಿ. ಆದರೆ ಹೇಳುವುದು ಯಾರಿಗೆ? ಚಿಪ್ಪಿನ ಆಸೆಗೆ ಅದನ್ನು ಕೊಲ್ಲುವವರಿದ್ದಾರೆ. ಅಮ್ಮ ಮರಳಿದ ಮೇಲೆ ಅವಳೊಬ್ಬಳನ್ನೇ ಕೂರಿಸಿ ಭಾಷಣ ಬಿಗಿದೆ: ಅದಕ್ಕೆ ಹಲ್ಲಿಲ್ಲ, ಅಂಟು ನಾಲಿಗೆ ಚಾಚಿ ಗೆದ್ದಲು, ಇರುವೆಗಳನ್ನು ರಾಶಿಗಟ್ಟಲೆ ನುಂಗುತ್ತದೆ. ಆದರೆ ಪೂರ್ತಿ ಖಾಲಿ ಮಾಡುವುದಿಲ್ಲ. ಇಲ್ಲಿಷ್ಟು ತಿಂದು ಮುಂದಿನ ಗೂಡಿಗೆ ಹೋಗುತ್ತದೆ, ಉಳಿದ ಗೆದ್ದಲು ಮತ್ತೆ ಮನೆ ಕಟ್ಟಿಕೊಳ್ಳುತ್ತದೆ. ಅಮ್ಮ ಎಲ್ಲ ಕೇಳಿ, "ಹಲ್ಲೇ ಇಲ್ದಿದ್ದ್ ಹುತ್ತ ಒಡೀತ್ತಾ?" ಅಂದಳು.

ಮತ್ತೊಂದು ದಿನ ಬೆಳಕು ಹರಿಯುವಾಗ ಬಾವಿಗೆ ಹೋದವಳು ಓಡಿ ಬಂದು ನನ್ನ ಕೈಹಿಡಿದು ಎಳೆದಳು. ಬೇಲಿಯ ಬುಡದಲ್ಲಿ, ಮೈತುಂಬ ಚಿಪ್ಪು ಹೊದ್ದು, ಊಟ ಮುಗಿಸಿದ ನೆಂಟರ ಹಾಗೆ ಅದು ನಿಧಾನವಾಗಿ ನಡೆದು ಹೋಗುತ್ತಿತ್ತು. ಅಮ್ಮನ ಕಣ್ಣು ತುಂಬಿತ್ತು. "ಪಾಪ, ಅದಕ್ಕೂ ಹೊಟ್ಟೆ ಇತ್ತಲೆ. ಯಾರ ಹತ್ರೂ ಹೇಳುಕಾಗ" ಅಂದಳು.

ದಾರಂದದ ಮಣ್ಣಿನ ರಸ್ತೆ ಒಣಗಿತು. ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಆದರೆ ಪೇಟೆಯಲ್ಲಿ ಜನ ನನ್ನನ್ನು ವಿಚಿತ್ರವಾಗಿ ನೋಡತೊಡಗಿದರು. ನೆರೆಮನೆಯ ಶೀನಣ್ಣನೇ ಕೊನೆಗೆ, ಕಲಿತವರಾಗಿ ನಾಗನ ಹುತ್ತ ಅಗೆಯಬಹುದೇ ಎಂದು ಕೇಳಿದ. ಹೇಳಿದ್ದು ಯಾರು ಅಂದರೆ, ನನ್ನ ಅಮ್ಮನೇ! ಬೇಲಿಯಾಚೆಯಿಂದ ಇಣುಕಿದವರಿಗೆಲ್ಲ ಮಗನೇ ಒಡೆದನೆಂದು ಹೇಳಿದ್ದಳಂತೆ.

ಮನೆಗೆ ಹೋಗಿ ಹಾರಾಡಿದೆ. ಅಮ್ಮ ತೆಂಗಿನಕಾಯಿ ತುರಿಯುತ್ತಲೇ ಅಂದಳು: "ಅದ್ ಬತ್ತ್ ಅಂದ್ರೆ ಅದನ್ನ ಕೊಲ್ತ್ರ್. ನೀನ್ ಒಡ್ದದ್ದ್ ಅಂದ್ರೆ ಬೈತ್ರ್, ಅಷ್ಟೇ ಅಲ್ದಾ?"

ಈಗ ಆ ನೆಂಟರು ಬೇರೆ ಯಾವುದೋ ಗುಡ್ಡಕ್ಕೆ ಹೋಗಿದ್ದಾರೆ, ಅದಕ್ಕೇ ಬರೆಯುವ ಧೈರ್ಯ. ಹುತ್ತ ಮತ್ತೆ ಎದ್ದಿದೆ, ಗೆದ್ದಲು ದಾರಂದಕ್ಕೆ ಮರಳಿದೆ. ಈ ಸಲದ ನಾಗರಪಂಚಮಿಗೆ ನಾನೇ ತನು ಎರೆದು, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದೆ. ಅಂತೂ ಬುದ್ಧಿ ಬಂತು ಎಂದು ಶೀನಣ್ಣ ಮೆಚ್ಚಿಕೊಂಡ. ನಾನು ಹುಡುಕುತ್ತಿದ್ದದ್ದು ಉಗುರಿನ ಗೀರು.