ಈಜುಕೊಳದ ಪಂಪು ಗಾಳಿ ನುಂಗಿದ ವಾರ

ನೀರಿಗೆ ದಾರಿಯನ್ನೂ ನಮಗೆ ಉಸಿರನ್ನೂ ಕೊಟ್ಟ ವಿಘ್ನೇಶ್ವರನಿಗೆ ಮೊದಲು ಕೈಮುಗಿಯುತ್ತೇನೆ. ಪಂಪಿನ ಜೊತೆ ಬಾಳುವವನಿಗೆ ನಗುವಿಗೆ ಬರವಿಲ್ಲ, ದಿನಕ್ಕೊಂದು ಆಗುತ್ತಲೇ ಇರುತ್ತದೆ.

ಐವತ್ತರ ದಶಕದ ಮೊದಲಲ್ಲಿ ನಾನು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಇಂಗ್ಲಿಷ್ ದೊರೆಗಳ ಕ್ಲಬ್ಬಿನ ಈಜುಕೊಳದ ಪಂಪು ನೋಡಿಕೊಳ್ಳುತ್ತಿದ್ದೆ. ಹಣೆ ತುಂಬ ವಿಭೂತಿ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ನಾನು 'ಸಾಮಿ'. ಒಂದು ಬೇಸಿಗೆಯಲ್ಲಿ ಪಂಪು ನೀರು ಬಿಟ್ಟು ಗಾಳಿ ಎಳೆಯತೊಡಗಿತು. ಕೊಳ ಪಾಚಿಗಟ್ಟಿತು. ಭಾನುವಾರ ದೊರೆಗಳ ಮಕ್ಕಳ ಈಜುಪಂದ್ಯ ಬೇರೆ. "ಅಷ್ಟರೊಳಗೆ ನೀರು ತಿಳಿಯಾಗದಿದ್ದರೆ ನಿನ್ನನ್ನು ಗಣಿಯೊಳಗಿನ ಪಂಪಿಗೆ ಹಾಕಿಸ್ತೀನಿ" ಎಂದರು ಕ್ಲಬ್ಬಿನ ಕಾರ್ಯದರ್ಶಿ ದೊರೆ. ಬಾವಿ ಬಗ್ಗಿ ನೋಡಿದರೇ ತಲೆ ತಿರುಗುವವನು ನಾನು!

ಹೊಟ್ಟೆಯ ಗಾಳಿ

ಪಂಪಿನ ಹೊಟ್ಟೆಗೆ ಮೊದಲು ನೀರು ತುಂಬಿಸದಿದ್ದರೆ ಅದು ಎಳೆಯುವುದಿಲ್ಲ. ಗಂಗೆ, ಕಾವೇರಿಯರನ್ನು ನೆನೆಯುತ್ತಾ ಚೊಂಬಿನಲ್ಲಿ ಸುರಿಯುತ್ತಿದ್ದೆ. ದೊರೆ ಬಂದು ಹರಕುಮುರುಕು ತಮಿಳಿನಲ್ಲಿ, "ಪಂಪಿಗೂ ಸ್ನಾನವಾ?" ಎಂದರು.

"ಹೊಟ್ಟೆಯೊಳಗಿನ ಗಾಳಿ ಹೋಗಲಿ ಅಂತ, ದೊರೆ."

ಮರುದಿನ ಅವರೇ ಒಂದು ಸೋಡಾ ಬಾಟಲಿ ಹಿಡಿದು ಬಂದರು. "ನನ್ನ ಹೊಟ್ಟೆಗೆ ಡಾಕ್ಟರು ಇದನ್ನೇ ಕೊಡೋದು. ಅದಕ್ಕೂ ಹಾಕು!"

ಜಾಲರಿಯೊಳಗೆ

ಬಂಗಾರಪೇಟೆಯಿಂದ ಮೇಸ್ತ್ರಿಯನ್ನು ಕರೆಸಿದೆವು. "ಜಾಲರಿ ಬಿಚ್ಚು ಸಾಮಿ, ಏನೋ ಅಡ್ಡ ಕೂತೈತೆ" ಎಂದ. ಬಿಚ್ಚಿದರೆ ಎಲೆಕಸದ ನಡುವೆ ಒಂದು ಕಟ್ಟಿಸಿದ ಹಲ್ಲಿನ ಸೆಟ್ಟು! ದಿನಾ ಈಜಲು ಬರುವ ಮುದಿ ದೊರೆಯೊಬ್ಬರು ಆ ವಾರವೆಲ್ಲ ಬರೀ ಗಂಜಿ ಕುಡಿಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು.

ಮೇಸ್ತ್ರಿ ಅದನ್ನು ಎತ್ತಿ ಹಿಡಿದ. "ಇನ್ಮೇಲೆ ಉಷಾರಾಗಿರು ಸಾಮಿ. ನಿನ್ ಪಂಪಿಗೆ ಹಲ್ಲು ಬಂದವೆ, ಕಚ್ಚೀತು!"

ಧೂಪ

ಜಾಲರಿ ತೊಳೆದರೂ ಗಾಳಿ ನಿಲ್ಲಲಿಲ್ಲ. ಶನಿವಾರ ಮಧ್ಯಾಹ್ನವಾಯಿತು. ಮೇಸ್ತ್ರಿ ಬೇಸತ್ತು ಟೀ ಕುಡಿಯಲು ಹೋದ. ನನಗೆ ಉಳಿದದ್ದು ಒಂದೇ ದಾರಿ. ಓಡುತ್ತಿದ್ದ ಪಂಪಿನ ಮುಂದೆ ಊದುಬತ್ತಿ ಹಚ್ಚಿ, ಕಣ್ಣುಮುಚ್ಚಿ ನಿಂತೆ.

ಕಣ್ಣು ಬಿಟ್ಟು ನೋಡಿದೆ. ಮೇಲಕ್ಕೆ ಹೋಗಬೇಕಾದ ಹೊಗೆ ಬಾಗಿ, ಎಳೆಯಾಗಿ, ನೆಟ್ಟಗೆ ಕೊಳವೆಯೊಳಗೆ ನುಗ್ಗುತ್ತಿತ್ತು!

"ಮೇಸ್ತ್ರೀ, ಓಡಿ ಬಾರಪ್ಪಾ! ದೇವರು ಧೂಪ ತಗೋತಿದ್ದಾನೆ!" ಎಂದು ಕೂಗಿ ಸಾಷ್ಟಾಂಗ ಬಿದ್ದೆ. ಕೂಗು ಕೇಳಿ ಬಂದ ತೋಟದವನೂ ಬಿದ್ದ. ಕಾರ್ಯದರ್ಶಿ ದೊರೆಯೂ ಬಂದು ಟೋಪಿ ತೆಗೆದು ನಿಂತರು.

ಮೇಸ್ತ್ರಿ ಬಗ್ಗಿ ನೋಡಿದ. "ಏಳು ಸಾಮಿ. ಕೊಳವೆ ಜಾಯಿಂಟಲ್ಲಿ ವಾಷರು ಸೀಳೈತೆ. ಒಗೆ ಓಗೋ ಕಡೆಯಿಂದ್ಲೇ ಗಾಳೀನೂ ಓಗ್ತಾ ಐತೆ!"

ಹೊಸ ವಾಷರು ಕೂತಿತು, ನೀರು ಭೋರ್ಗರೆಯಿತು. ಪಂದ್ಯವೂ ನಡೆಯಿತು, ನಾನೂ ನೆಲದ ಮೇಲೇ ಉಳಿದೆ. ತೋರಿಸಿಕೊಟ್ಟವನು ದೇವರೇ ಎಂದು ಇವತ್ತಿಗೂ ನಂಬಿದ್ದೇನೆ.

ಆದರೆ ನನಗಿಂತ ಹೆಚ್ಚು ನಂಬಿದವರು ದೊರೆ. ಮುಂದಿನ ತಿಂಗಳು ಬಂಗಾರಪೇಟೆ ರಸ್ತೆಯಲ್ಲಿ ಅವರ ಕಾರು ಕೆಟ್ಟು ನಿಂತಿತು. ಹಿಂದಿನ ಸೀಟಿನಲ್ಲಿ, ಪಂಪಿನ ಸಾಮಾನು ತರಲು ಹೊರಟಿದ್ದ ನಾನು, ಮೇಸ್ತ್ರಿ. ದೊರೆ ಇಳಿದು, ಜೇಬಿನಿಂದ ಊದುಬತ್ತಿ ತೆಗೆದು, ಭಕ್ತಿಯಿಂದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು, ಬೆಂಕಿಕಡ್ಡಿ ಗೀರಲು ಹೊರಟರು.

ಮೇಸ್ತ್ರಿ ಕಿಟಕಿಯಿಂದಲೇ ಹಾರಿ ಕೈ ಹಿಡಿದುಕೊಂಡ. "ಬ್ಯಾಡಿ ದೊರೆ! ಇಲ್ಲಿ ಹಚ್ಚಿದ್ರೆ ದೇವ್ರು ಬರಾಕಿಲ್ಲ, ನಾವೇ ಅವನತ್ರ ಓಗ್ತೀವಿ!"

ಕೇಳಿ ನಕ್ಕ ಎಲ್ಲರ ಮನೆಯಲ್ಲೂ ಕೊಡ ತುಂಬಿರಲಿ, ಮನಸ್ಸು ತಿಳಿಯಾಗಿರಲಿ. ಭಗವಂತ ನಿಮ್ಮನ್ನು ತಣ್ಣಗಿಟ್ಟಿರಲಿ.