ಅತ್ತೆಯ ಬಲಗಣ್ಣು

ನಮ್ಮ ಸೋದರತ್ತೆಯ ಬಲಗಣ್ಣು ರಾಯಚೂರಿನ ಒಂದು ಹತ್ತಿ ಮಿಲ್ಲನ್ನೇ ನಡೆಸುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ! ಮಿಲ್ಲಿನ ಮಾಲೀಕರು ಮಾತ್ರ ನಗಲಿಲ್ಲ, ಕೈಮುಗಿದು ನಂಬಿದ್ದರು.

ಎಂಬತ್ತರ ದಶಕದ ಆರಂಭ. ಅತ್ತೆ ಅಲ್ಲಿ ಸಹಾಯಕ ಮ್ಯಾನೇಜರ್. ಅವಳ ಮೇಲಿದ್ದ ಮ್ಯಾನೇಜರರದು ಅಪ್ಪಟ ಗಂಡಸಿನ ಬುದ್ಧಿ, ಅಂದರೆ ಶುದ್ಧ ತರ್ಕ. ಹತ್ತಿ ಕೊಳ್ಳಬೇಕೋ ಬೇಡವೋ ಎಂಬುದನ್ನು ಅವರು ಗೋಡೆಯ ಹಲ್ಲಿ ಲೊಚಗುಟ್ಟಿದ ದಿಕ್ಕು ನೋಡಿ ತೀರ್ಮಾನಿಸುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ವಿಶ್ಲೇಷಣೆ’!

ಒಮ್ಮೆ ಮಾನ್ವಿಯಿಂದ ಬಂದ ಹತ್ತಿಯ ರಾಶಿಯೊಳಗೆ ಅತ್ತೆ ಮೊಳಕೈವರೆಗೆ ಕೈ ತೂರಿಸಿ, ಒಂದು ಹತ್ತಿಕಾಳು ತೆಗೆದು ಕಚ್ಚಿ ನೋಡಿದಳು. "ಒಳಗ ಹಸಿ ಅದರೀ. ಹಿಂಗ ಒಟ್ಟಿದ್ರ ಕಾವು ಏರಿ ಹಳದಿ ಆಗ್ತದ."

ಮ್ಯಾನೇಜರರು ನಕ್ಕರು. "ಲೆಕ್ಕಾಚಾರ ನಮಗ ಬಿಡ್ರಿ ಅಕ್ಕಾರ. ಹೆಂಗಸರಿಗೆ ದೇವರು ಒಳಮನಸ್ಸು ಕೊಟ್ಟಾನ. ಅದೇನ್ ಹೇಳ್ತದ, ಅಷ್ಟು ಹೇಳ್ರಿ."

ಒಳಮನಸ್ಸು ಏನೂ ಹೇಳಿರಲಿಲ್ಲ, ಹೇಳಿದ್ದು ಹತ್ತಿಕಾಳು! ಕೆಲವೇ ದಿನಗಳಲ್ಲಿ ಆ ರಾಶಿ ಅರಿಶಿನ ಹಚ್ಚಿದ ಮದುಮಗಳಂತಾಯಿತು.

ಅತ್ತೆ ಪಾಠ ಕಲಿತಳು. ಮುಂದಿನ ಲಾರಿ ಬಂದಾಗಲೂ ಕಾಳು ಕಚ್ಚಿದಳು. ಬಾಯಲ್ಲಿ ಹೇಳಿದ್ದು ಮಾತ್ರ ಬೇರೆ: "ಯಾಕೋ ಮುಂಜಾನಿಂದ ಬಲಗಣ್ಣು ಹಾರಾಕತ್ತದರೀ!"

ಹೆಂಗಸಿನ ಬಲಗಣ್ಣು! ಇದಕ್ಕಿಂತ ಅಪಶಕುನ ಬೇಕೇ? ಮ್ಯಾನೇಜರರು ಲಾರಿಯನ್ನು ಗೇಟಿನಿಂದಲೇ ಹಿಂದಕ್ಕೆ ಅಟ್ಟಿದರು.

ಅಲ್ಲಿಂದ ಅತ್ತೆಯದು ಇದೇ ದಾರಿ. ದೇವದುರ್ಗದ ಡ್ರೈವರುಗಳ ಹತ್ತಿರ ದಾರಿಯ ಹಳ್ಳದಲ್ಲಿ ನೀರೆಷ್ಟು ಎಂದು ವಿಚಾರಿಸುವಳು, ಮೋಡ ನೋಡುವಳು, ಎಲ್ಲ ತೂಗಿ ಅಳೆದು ಕೊನೆಗೆ, "ಕೆಟ್ಟ ಕನಸು ಬಿತ್ರೀ, ಇವತ್ತು ಲಾರಿ ಕಳಿಸೂದು ಬ್ಯಾಡ" ಎನ್ನುವಳು. ಮನೆಯಲ್ಲಿ ಕನ್ನಡಿಯ ಮುಂದೆ ಕಣ್ಣು ಅದುರಿಸುವ ತಾಲೀಮು ಬೇರೆ! ಅದನ್ನು ನೋಡಿದ ಅಜ್ಜಿ, "ಯವ್ವಾ, ಇಕಿಗೆ ವಾಯು ಬಡದದ!" ಎಂದು ಬಿಸಿ ಎಣ್ಣೆ ಹಿಡಿದು ಓಡಿ ಬಂದಳು. ಆಗ ಕಾಲೇಜಿನಲ್ಲಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಮ್ಯಾನೇಜರರು ನಿವೃತ್ತರಾದರು. ಆ ಕುರ್ಚಿ ಅತ್ತೆಗೇ ಎಂದು ನಾವೆಲ್ಲ ನಂಬಿದ್ದೆವು. ಅವಳು ಬೇರೆ ಯಾವುದನ್ನೂ ಅಷ್ಟು ಬಯಸಿದ್ದನ್ನು ನಾನು ಕಂಡಿಲ್ಲ. ಮಾಲೀಕರು ಕರೆಸಿ ಗೌರವದಿಂದಲೇ ಹೇಳಿದರಂತೆ: "ನಿಮ್ಮ ಕಣ್ಣು ಭಾಳ ದೊಡ್ಡದು ಬಿಡ್ರಿ. ಆದ್ರ ಈ ಕುರ್ಚಿಗೆ ವಿಚಾರ ಮಾಡೋ ತಲಿ ಬೇಕ್ರೀ."

"ನನ್ನ ಕಣ್ಣು ಎಂದೂ ಹಾರಿಲ್ರೀ ಸಾಹೇಬ್ರ. ಎಲ್ಲಾ ಪರೀಕ್ಷಾ ಮಾಡೇ ಹೇಳೀನಿ."

"ನೋಡ್ರಿ, ಎಷ್ಟು ವಿನಯ!" ಎಂದು ಮೆಚ್ಚಿಕೊಂಡರಂತೆ ಮಾಲೀಕರು. ಕುರ್ಚಿ ಅವರ ಅಳಿಯನಿಗೆ ಹೋಯಿತು. ಆತ ಹತ್ತಿಯನ್ನು ಕಂಡಿದ್ದು ತಲೆದಿಂಬಿನಲ್ಲಿ ಮಾತ್ರ. ಆದರೇನು, ಗಂಡಸಲ್ಲವೇ, ತರ್ಕ ಹುಟ್ಟುತ್ತಲೇ ಬಂದಿರುತ್ತದೆ!

ಸಂಜೆ ಅತ್ತೆ ಬಂದು ಕಟ್ಟೆಯ ಮೇಲೆ ಕೂತಳು. ಏನಾದರೂ ತಮಾಷೆ ಹೇಳುತ್ತಾಳೆಂದು ಕಾದೆ.

"ಖರೇ ಹೇಳಿದ್ರ ಕೇಳಲಿಲ್ಲ. ಸುಳ್ಳು ಹೇಳಿದ್ರ ಕೇಳಿದ್ರು, ಆದ್ರ ನನ್ನ ಕೈಬಿಟ್ರು. ನಾ ಏನ್ ಮಾಡಬೇಕಿತ್ತು, ಹೇಳವಾ?"

ಅಷ್ಟು ಬುದ್ಧಿವಂತೆ ನನ್ನಂಥವಳನ್ನು ಕೇಳುವ ಹಾಗಾಯಿತಲ್ಲ ಎಂದು ಸಂಕಟವಾಯಿತು. ಹತ್ತಿರ ಕೂತು, ಅವಳ ಕೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಒಂದೊಂದಾಗಿ ತೆಗೆಯತೊಡಗಿದೆ. ಅತ್ತೆ ನನ್ನ ಮಡಿಲಲ್ಲಿ ತಲೆಯಿಟ್ಟಳು.