ಹಡಗು ದಡ ಸೇರಿದ ಮಧ್ಯಾಹ್ನ

ಗಂಭೀರವಾದ ಕೆಲಸವೊಂದನ್ನು ನಾನು ಕೈಗೆತ್ತಿಕೊಂಡಾಗಲೆಲ್ಲ ಅದು ಯಾರದಾದರೂ ಗ್ಯಾರೇಜಿನಲ್ಲಿ ಶುರುವಾಗಿ ನಗೆಪಾಟಲಾಗಿಯೇ ಮುಗಿಯುತ್ತದೆ. ಕನ್ನಡ ಎಂ.ಎ. ಮುಗಿಸಿ ಸಂಶೋಧನೆಗೆಂದು ಮೆಲ್ಬರ್ನಿಗೆ ಬಂದಿದ್ದ ನಾನು, ಅಲ್ಲಿನ ಕನ್ನಡ ಸಂಘಕ್ಕಾಗಿ ಪಾಠ ಮಾಡುತ್ತಿದ್ದ ಭಾನುವಾರದ ತರಗತಿಯ ಮಕ್ಕಳಿಗಾಗಿ ಆ ವರ್ಷ ಒಂದು ನಾಟಕ ಬರೆದೆ. ವಾಸ್ಕೋ ಡ ಗಾಮನ ಜಾಡು ಹಿಡಿದು ಬಂದ ಪೋರ್ಚುಗೀಸ್ ಹಡಗೊಂದು ನಮ್ಮ ಕರಾವಳಿಯನ್ನು ಮುಟ್ಟುವುದೇ ಕಥೆ. ದಡದಲ್ಲಿ ನಿಂತವರ ಕಣ್ಣಿನಿಂದ ಆ ಚರಿತ್ರೆಯನ್ನು ತೋರಿಸಬೇಕು, ಅದೂ ಹಳೆಯ ಗಾಂಭೀರ್ಯದ ಕನ್ನಡದಲ್ಲಿ, ಎಂಬುದು ನನ್ನ ಹಂಬಲ.

ಸಂಘದ ಕಾರ್ಯದರ್ಶಿ ಅಂಕಲ್ ಹಸ್ತಪ್ರತಿ ಓದಿ ಕನ್ನಡಕ ತೆಗೆದರು. “ಮೇಷ್ಟ್ರೇ, ನಿಜ ಹೇಳ್ಲಾ? ನನಗೇ ಅರ್ಧ ಅರ್ಥ ಆಗ್ಲಿಲ್ಲ. ರಾಜ್ಯೋತ್ಸವಕ್ಕೆ ಒಂದ್ಸಲ ಚಾನ್ಸ್ ಕೊಡ್ತೀನಿ. ಜನಕ್ಕೆ ಅರ್ಥ ಆಗ್ಲಿಲ್ಲ ಅಂದ್ರೆ, ಮುಂದಿನ ವರ್ಷದಿಂದ ಆ ಸ್ಲಾಟ್ ಬಾಲಿವುಡ್ ಡ್ಯಾನ್ಸ್‌ಗೆ.”

ಕನ್ನಡ ನಾಟಕದ ಅಳಿವು ಉಳಿವು ನನ್ನ ಹೆಗಲೇರಿತು.

೧. ಎಲ್ಲರೂ ಕಪ್ತಾನರು

ಪಾತ್ರ ಹಂಚುವ ದಿನ ತಾಯಂದಿರು ಒಬ್ಬೊಬ್ಬರಾಗಿ ನನ್ನನ್ನು ಪಕ್ಕಕ್ಕೆ ಕರೆದರು. ಎಲ್ಲರದೂ ಒಂದೇ ಬೇಡಿಕೆ: “ನಮ್ಮವನು ಕಪ್ತಾನ ಆಗ್ಲಿ. ಬರೀ ನಾವಿಕ ಅಂದ್ರೆ ಅವರಪ್ಪ ಬೇಜಾರು ಮಾಡ್ಕೋತಾರೆ.”

ಅಂತೂ ನಮ್ಮ ಹಡಗಿಗೆ ಐವರು ಕಪ್ತಾನರಾದರು. “ಹಾಗಾದರೆ ಹಡಗು ನಡೆಸುವವರು ಯಾರಮ್ಮ?” ಎಂದು ದೈನ್ಯದಿಂದ ಕೇಳಿದೆ.

“ಅದು ಗಾಳಿಗೆ ಹೋಗತ್ತೆ ಅಂತ ನೀವೇ ಬರ್ದಿದೀರಲ್ಲ.”

೨. ಬಳಲಿ ಬಂದವರು

ತಿಂಗಳುಗಟ್ಟಲೆ ಅಲೆದು ಬಂದವರೆಂದು ತೋರಬೇಕಾದ್ದರಿಂದ, ಹಳೆಯ ಮಾಸಿದ ಬಟ್ಟೆ ತೊಡಿಸಿರೆಂದು ಕೇಳಿಕೊಂಡಿದ್ದೆ. ಕಪ್ತಾನರೆಲ್ಲ ಇಸ್ತ್ರಿ ಮಾಡಿದ ರೇಷ್ಮೆ ಜುಬ್ಬಾ ತೊಟ್ಟು, ಕ್ರಾಪು ಬಾಚಿಕೊಂಡು ಬಂದರು.

ಊರಾಚೆಯ ಕ್ರಾನ್‌ಬರ್ನ್ ಬಡಾವಣೆಯಿಂದ ಬರುತ್ತಿದ್ದ ತಾಯಿಯೊಬ್ಬರಿಗೆ ಹಸಿವು, ಕಾಯಿಲೆ, ಬಿರುಗಾಳಿಗಳನ್ನೆಲ್ಲ ವಿವರಿಸಿದೆ. ಅವರು ಸಾವಧಾನದಿಂದ ಕೇಳಿದರು.

“ಎಲ್ಲಾ ಸರಿ. ಆದ್ರೆ ಡಿವಿಡಿ ಮೈಸೂರಿಗೆ ಹೋಗತ್ತೆ, ನಮ್ಮತ್ತೆ ನೋಡ್ತಾರೆ. ಸೊಸೆ ಮಗೂಗೆ ಊಟ ಹಾಕ್ತಿಲ್ಲ ಅಂದ್ರೆ ನೀವು ಬಂದು ಚರಿತ್ರೆ ಹೇಳ್ತೀರಾ?”

೩. ಹೇಳದೆ ಬಂದ ನೆಂಟರು

ತಾಲೀಮು ನಡೆಯುತ್ತಿದ್ದುದು ಮಂಗಳೂರಿನ ಆಂಟಿಯೊಬ್ಬರ ಗ್ಯಾರೇಜಿನಲ್ಲಿ. ನಾಟಕದಲ್ಲಿ ಅರಸನ ದೂತೆಯಾಗಿದ್ದ ಅವರ ಮಗಳು ಒಂದು ದಿನ ಕೈಯೆತ್ತಿದಳು. “ಡಿಡ್ ದೇ ಕಾಲ್ ಫಸ್ಟ್?”

ಆಗ ಫೋನ್ ಇರಲಿಲ್ಲವೆಂದೆ. ಜನ ಮೊದಲೇ ಬಾಳುತ್ತಿದ್ದ ನಾಡಿಗೆ ಬಂದು, ಕಂಡುಹಿಡಿದೆವೆಂದು ಹೇಳಿಕೊಳ್ಳುವುದರ ಅನ್ಯಾಯವನ್ನು ಭಾವುಕನಾಗಿ ಬಿಡಿಸಿಟ್ಟೆ. ಮಕ್ಕಳು ಆಕಳಿಸಿದರು. ಚಹಾ ತಂದ ಆಂಟಿ ಮಾತ್ರ ಮನಸಾರೆ ಒಪ್ಪಿದರು.

“ಹೇಳದೆ ಬಂದದ್ದು ಸಾಲದೂಂತ ನಾನೂರೈವತ್ತು ವರ್ಷ ಗೋವಾದಲ್ಲೇ ಕೂತ್ರಲ್ಲ ಮಾರಾಯ್ರೆ. ಸಿಡ್ನಿಯಿಂದ ನನ್ನ ಮೈದುನ ಬಂದ್ರೂ ನಾಲ್ಕು ವಾರಕ್ಕೆ ಹೊರಡ್ತಾನೆ.”

೪. ಔತಣ

ರಾಜ್ಯೋತ್ಸವದ ದಿನ ಭಾಷಣಗಳು ಬೆಳೆದವು, ನೃತ್ಯಗಳು ಮುಗಿಯಲೊಲ್ಲವು. ಊಟಕ್ಕೆಂದು ಗೊತ್ತುಮಾಡಿದ್ದ ಮಧ್ಯಾಹ್ನದ ಒಂದು ಗಂಟೆ ಎಂದೋ ಕಳೆದುಹೋದ ಮೇಲೆ ನಮ್ಮ ತೆರೆ ಸರಿಯಿತು. ಹಿಂದಿನ ಬಾಗಿಲಿನಿಂದ ಬಿಸಿಬೇಳೆ ಬಾತಿನ ಘಮ ತೇಲಿ ಬರುತ್ತಿತ್ತು.

ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಯಿಂದ ಮಾಡಿದ ಹಡಗು ರಂಗಕ್ಕೆ ಬಂತು. ಕಪ್ತಾನರು ಒಬ್ಬರ ಮಾತನ್ನು ಇನ್ನೊಬ್ಬರು ಕಸಿದುಕೊಂಡು ಆಡಿದರು. ಸಭೆ ನಗಲಿಲ್ಲ, ಕೆಮ್ಮಿತು. ಮೊದಲ ಸಾಲಿನಲ್ಲಿದ್ದ ಕಾರ್ಯದರ್ಶಿ ಅಂಕಲ್ ನನ್ನತ್ತ ನೋಡಿ, ‘ಹೇಳಿರಲಿಲ್ವಾ?’ ಎಂಬಂತೆ ಕೈ ತಿರುವಿದರು.

ಆಗ ದೂತೆ ಮುಂದೆ ಬಂದಳು. ಕೊನೆಯ ಸಾಲಿಗೂ ಕೇಳಿಸಬೇಕೆಂದು ವಾರಗಟ್ಟಲೆ ಅವಳಿಗೆ ಹೇಳಿದ್ದೆ. ಮೈಕಿಗೆ ಬಾಯಿಟ್ಟು ನುಡಿದಳು: “ದೂರದಿಂದ ಬಂದ ಮಹನೀಯರೇ, ಭೋಜನ ಸಿದ್ಧವಾಗಿದೆ. ತಾವೆಲ್ಲರೂ ದಯಮಾಡಿ ಚಿತ್ತೈಸಬೇಕು.”

ಇಡೀ ಸಭಾಂಗಣ ಎದ್ದು ನಿಂತಿತು. ಗೌರವಕ್ಕೆಂದು ಭಾವಿಸಿ ನಾನು ಕೈಮುಗಿದೆ. ಅಷ್ಟರಲ್ಲಿ ಎಲ್ಲರೂ ಬೆನ್ನು ತಿರುಗಿಸಿದ್ದರು. ಕಪ್ತಾನರು ಹಡಗಿನಿಂದ ಧುಮುಕಿ, ರೇಷ್ಮೆ ಜುಬ್ಬಾ ಎತ್ತಿ ಹಿಡಿದು, ಅವರ ಹಿಂದೆಯೇ ಓಡಿದರು.

ನಾನು ಊಟದ ಮೇಜು ತಲುಪುವಷ್ಟರಲ್ಲಿ ಕಾರ್ಯದರ್ಶಿ ಅಂಕಲ್ ತಟ್ಟೆ ಹಿಡಿದಿದ್ದರು. “ಅಂಕಲ್, ಇನ್ನೂ ಎರಡು ದೃಶ್ಯ ಇತ್ತು,” ಎಂದೆ.

“ಬಿಡಿ ಮೇಷ್ಟ್ರೇ, ನೀವು ಗೆದ್ರಿ. ಅಂಥಾ ಕಷ್ಟದ ಕನ್ನಡ ಇಡೀ ಹಾಲ್‌ಗೆ ಒಂದೇ ಸಲ ಅರ್ಥ ಆಯ್ತು. ಮುಂದಿನ ವರ್ಷವೂ ಸ್ಲಾಟ್ ನಿಮ್ಮದೇ.” ಬಾತಿನ ಮೇಲೆ ತುಪ್ಪ ಹಾಕಿಸಿಕೊಂಡು ಒಂದೇ ಒಂದು ಸಲಹೆ ಕೊಟ್ಟರು: “ಆ ಡೈಲಾಗ್ ಮಾತ್ರ ಸರಿಯಾಗಿ ಒಂದು ಗಂಟೆಗೆ ಇಟ್ಕೊಳ್ಳಿ.”